ಮೂರನೇ ಕ್ರಾಸಿನ ಗಾಳಿ

ನೀರು ಬಿಡುವ ಜವರಯ್ಯನಿಗೆ ಈಗ ಗಾಳಿ ಬಿಡುವ ಕೆಲಸವೂ ಸೇರಿತ್ತು. ಮನೆಮನೆಯ ಮಂಚಕ್ಕೂ ಪಾಲಿಕೆಯ ಗಾಳಿ ನಲ್ಲಿ ಬಂದು, ಗಂಡನ ಬದಿಗೊಂದು, ಹೆಂಡತಿಯ ಬದಿಗೊಂದು ಕೂತು, ಅದರ ಮಾಸ್ಕ್ ಮೂಗಿಗೆ ಕಟ್ಟಿಕೊಂಡೇ ಮೈಸೂರು ಮಲಗುತ್ತಿತ್ತು. ಯಾರ ಉಸಿರು ರಾತ್ರಿ ಗೊರಕೆಯ ನಡುವೆ ಎಷ್ಟು ಸಲ ಕಟ್ಟಿತೆಂಬ ಪಟ್ಟಿಯನ್ನು ಜವರಯ್ಯ ಬೆಳಿಗ್ಗೆ ಬೀದಿಯಲ್ಲಿ ನಿಂತು ಕೂಗಿ ಓದುತ್ತಿದ್ದ. ಉದ್ದನೆಯ ಕೀಲಿ ತಿರುಗಿಸಿ ಅವರವರ ಒತ್ತಡ ಏರಿಸುತ್ತಿದ್ದ, ಇಳಿಸುತ್ತಿದ್ದ.

ಆ ಕೂಗೇ ಅಂಬುಜಾಕ್ಷಮ್ಮನಿಗೆ ಕಂಟಕ. ಮೂವತ್ತು ವರ್ಷ ಹೆಡ್‌ಮಿಸ್ ಆಗಿದ್ದವರು ಗೊರಕೆ ಹೊಡೆಯುವುದುಂಟೇ? ಸೆಕೆಯ ನೆಪ ಹೇಳಿ ಗಂಡನೊಡನೆ ಮಂಚದ ಬದಿ ಬದಲಿಸಿಕೊಂಡರು. ಅಂದಿನಿಂದ ಗೊರಕೆ ಶ್ರೀಕಂಠಯ್ಯನವರ ಹೆಸರಿಗೆ ಬಿತ್ತು. ಏರಿಸಿದ ಗಾಳಿ ಮಾತ್ರ ಸರಿಯಾಗಿ ಈಕೆಯ ಮೂಗಿಗೇ ಬಂತು. ಮಾನವೂ ಉಳಿಯಿತು, ನಿದ್ದೆಯೂ ಹತ್ತಿತು.

ಇವತ್ತೂ ಜವರಯ್ಯ ಕೂಗಿದ: "ಯಜಮಾನ್ರ ಉಸಿರು ರಾತ್ರಿ ಹನ್ನೊಂದೇ ಸಲ ಕಟ್ಟೈತೆ, ಟೀಚರಮ್ಮ! ಮೊದಲು ಎಂಬತ್ತಿತ್ತು!"

ಅಷ್ಟರಲ್ಲಿ ಶ್ರೀಕಂಠಯ್ಯ ಆಟೋದಿಂದ ಇಳಿದರು. ಎರಡು ದಿನ ನಂಜನಗೂಡಿನ ತಂಗಿಯ ಮನೆಯಲ್ಲಿದ್ದು ಬರುತ್ತಿದ್ದರು. ರಂಗೋಲಿ ಹಾಕುತ್ತಿದ್ದ ಕೈಗಳೆಲ್ಲ ನಿಂತವು.

ಅಂಬುಜಾಕ್ಷಮ್ಮ ಗಂಡನ ಕಡೆ ತಿರುಗಿದರು. "ನೋಡಿದ್ರಾ, ನೀವು ಊರಲ್ಲಿಲ್ಲದಿದ್ರೂ ನಿಮ್ಮ ಗೊರಕೆ ಮಾತ್ರ ಮನೆ ಬಿಟ್ಟು ಕದಲಲ್ಲ!"

ಶ್ರೀಕಂಠಯ್ಯ ಹೆಂಡತಿಯ ಮುಖ ನೋಡಿದರು, ಬೀದಿಯನ್ನೂ ನೋಡಿದರು. ಆಮೇಲೆ ಚೀಲ ಕೆಳಗಿಟ್ಟು, "ಹೆಡ್‌ಮಿಸ್ಸೇ ಹೇಳಿದ ಮೇಲೆ ಮುಗೀತಲ್ಲ. ನನ್ನ ನಲ್ಲಿಗೆ ಇನ್ನರ್ಧ ಸುತ್ತು ತಿರುಗಿಸಪ್ಪ ಜವರಯ್ಯ, ಆ ಹನ್ನೊಂದೂ ಹೋಗಲಿ" ಎಂದರು.