ಡಾಕ್ಟರ್ ಗಂಧಕನ ಮುಖ

"ನಿಮ್ಮ ಹುಚ್ಚ ವಿಜ್ಞಾನಿ ಇಲ್ಲೇ ನಮ್ಮ ಕಡೆ ಅದಾರ್ರೀ," ಎಂದಿತು ಫೋನಿನ ದನಿ. "ಕನ್ನಡದವರ. ಮುಖ, ಕಿವಿ, ಎಲ್ಲಾ ನಿಮ್ಮ ಪುಸ್ತಕದಾಗ ಇದ್ದಂಗ. ಚಿತ್ರ ಬರದವರನ್ನ ಕರಕೊಂಡು ನಾಳೆ ವೈಜಾಗ್ ಹತ್ರದ ದುವ್ವಾಡಕ್ಕ ಬರ್ರಿ. ನಾ ಸ್ಟೇಷನ್ನಿಗೆ ಬಂದಿರತೀನಿ."

ಇಂದುಧರ ರಿಸೀವರನ್ನು ಕಿವಿಗೆ ಒತ್ತಿಕೊಂಡ. "ತಾವು ಯಾರು?"

"ಪುಂಡಲೀಕ ಅಂತ್ರಿ. ನೇವಿಯಾಗ ಇದ್ದೀನಿ. ಇದು ಫೋನಿನಾಗ ಮಾತಾಡೋ ವಿಷಯ ಅಲ್ಲ."

ಲೈನು ಕಡಿದುಹೋಯಿತು.

ನೇವಿ! ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಇಂದುಧರನದೊಂದು ಪುಟ್ಟ ಪ್ರೆಸ್ಸು. ತಿಂಗಳಿಗೊಂದು ತೆಲುಗು ಕಾಮಿಕ್ಸ್ ಅಲ್ಲಿಂದ ಹೊರಡುತ್ತಿತ್ತು. ಅದರಲ್ಲಿ ಹಾರಾಡಲು ಮಿಂಚುವೀರನೆಂಬ ನಾಯಕ. ಲೋಕವನ್ನೇ ಬೂದಿ ಮಾಡಲು ಡಾಕ್ಟರ್ ಗಂಧಕನೆಂಬ ಹುಚ್ಚ ವಿಜ್ಞಾನಿ. ಆದರೆ ವಿಶಾಖಪಟ್ಟಣದಲ್ಲಿ ನೌಕಾಪಡೆಗೆ ನಿಜವಾದ ವಿಜ್ಞಾನಿಗಳೂ ಇದ್ದಾರೆ. ಅಂಥವರೊಬ್ಬರ ಮುಖ ಕದ್ದು, ಕೈಗೆ ಬಾಂಬು ಕೊಟ್ಟು ಊರೂರಿಗೆ ಹಂಚಿದ್ದೇವೆ ಎಂದಾದರೆ? ಹೊಟ್ಟೆ ಬಟ್ಟೆ ಕಟ್ಟಿ ಬೆಳೆಸಿದ ಪ್ರೆಸ್ಸಿಗೆ ಬೀಗವೇ ಗತಿ.

ಅವನು ಒಳಕೋಣೆಗೆ ನುಗ್ಗಿದ. ಚಿತ್ರ ಬರೆಯುವ ಸುಮಿತ್ರಾ ಮೇಜಿಗೆ ಬಗ್ಗಿ ಗಂಧಕನ ಎಡಗಿವಿ ತಿದ್ದುತ್ತಿದ್ದಳು. ಕಿವಿಯ ಹಾಲೆಯಲ್ಲಿ ಅದೇ ಸಣ್ಣ ಸೀಳು, ಹುಬ್ಬಿನ ಮೇಲೆ ಅದೇ ಸುಟ್ಟ ಕಲೆ. ಮಿಂಚುವೀರನ ಮೂಗು ತಿಂಗಳಿಗೊಂದು ತರಹ ಇರುತ್ತಿತ್ತು, ಅದರ ಬಗ್ಗೆ ಅವಳಿಗೆ ಚಿಂತೆಯೇ ಇರಲಿಲ್ಲ. ಗಂಧಕನ ಸೀಳು ಮಾತ್ರ ಕೂದಲೆಳೆಯಷ್ಟೂ ಸರಿದದ್ದಿಲ್ಲ.

ಹಾಸನದ ಕಡೆಯ ಹುಡುಗಿ. ಆಫೀಸಿನಲ್ಲಿ ಕನ್ನಡದಲ್ಲಿ ಎರಡು ಮಾತಾಡಲು ಇನ್ನೊಬ್ಬರು ಸಿಕ್ಕರಲ್ಲ ಎಂದು ಇಂದುಧರ ಅವಳಿಗೆ ತುಸು ಸಲಿಗೆ ಕೊಟ್ಟಿದ್ದ. ಕೆಲಸ ಕೇಳಿ ಬಂದ ದಿನ ಅವಳು ಸಂಬಳ ವಿಚಾರಿಸಿರಲಿಲ್ಲ. ಪುಸ್ತಕ ಯಾವ ಯಾವ ರೈಲು ನಿಲ್ದಾಣಗಳಿಗೆ ಹೋಗುತ್ತದೆ ಎಂದು ಕೇಳಿದ್ದಳು. ಆಮೇಲೆ ಗಂಧಕನ ಮುಖ ಹಿಂಬದಿಯ ರಕ್ಷಾಪುಟಕ್ಕೇ ಬಂತು, ಅದರ ಕೆಳಗೆ ದಪ್ಪಕ್ಷರದಲ್ಲಿ ಪ್ರೆಸ್ಸಿನ ಫೋನ್ ನಂಬರು ಬಂತು. ಎಲ್ಲ ಅವಳದೇ ಹಟ. ಆ ನಂಬರೇ ಈಗ ಕುತ್ತಿಗೆಗೆ ಬಂದಿತ್ತು.

"ಈ ಮುಖ ಎಲ್ಲಿಂದ ತಂದೆಯಮ್ಮಾ?"

ಕುಂಚ ನಿಂತಿತು. "ಯಾಕೆ ಸಾರ್?"

"ವೈಜಾಗಿನಿಂದ ಫೋನು. ಆ ಮನುಷ್ಯ ನಿಜವಾಗಿ ಇದ್ದಾನಂತೆ!"

ಸುಮಿತ್ರಾ ಕುಂಚ ಕೈಬಿಟ್ಟು ಎದ್ದು ನಿಂತಳು. "ಆರೋಗ್ಯವಾಗಿದ್ದಾರಂತಾ?"

"ನಮ್ಮಿಬ್ಬರನ್ನೂ ಜೈಲಿಗೆ ಹಾಕಿಸುವಷ್ಟು ಆರೋಗ್ಯವಾಗಿದ್ದಾರೆ! ಅಂದರೆ ನಿನಗೆ ಆತ ಗೊತ್ತು. ಏನು ಮಾಡಿದ ಆತ ನಿನಗೆ?"

"ಒಂದು ಮಾತೂ ಹೇಳದೆ ಹೊರಟುಹೋದರು ಸಾರ್," ಎಂದಳು ಅವಳು. ಕಣ್ಣು ತುಂಬಿತ್ತು.

ಇಂದುಧರನಿಗೆ ಎಲ್ಲ ತಿಳಿದುಹೋಯಿತು. ಪ್ರೇಮಭಂಗ! ಅದೂ ತಂದೆಯ ವಯಸ್ಸಿನವನ ಜೊತೆ. ಕೈಕೊಟ್ಟವನ ಮೇಲೆ ಬಣ್ಣ ಕುಂಚ ಹಿಡಿದು ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಮಹಾತಾಯಿ, ಅದಕ್ಕೆ ಕಾಗದ ನನ್ನದು.

ಮರುದಿನ ಬೆಳಗಿನ ರೈಲಿನಲ್ಲಿ ಅವಳು ಕಿಟಕಿಗೆ ಒರಗಿ ಕೂತಳು. ತೊಡೆಯ ಮೇಲೊಂದು ಬಟ್ಟೆಯ ಚೀಲ. ಒಳಗೆ ಏನೋ ಗಟ್ಟಿಯಾದದ್ದು ಇತ್ತು. ಟೀ ಕುಡಿಯುವಾಗಲೂ ಅವಳು ಅದರ ಮೇಲಿನ ಕೈ ತೆಗೆಯಲಿಲ್ಲ. ಇಂದುಧರನಿಗೆ ಹೊಸ ದಿಗಿಲು ಹತ್ತಿತು. ಸೇಡಿನ ಹೆಣ್ಣು, ಚೀಲದಲ್ಲಿ ಚಾಕು ಗೀಕು ಇದ್ದರೆ?

"ನೋಡಮ್ಮಾ," ಎಂದ ತುನಿ ನಿಲ್ದಾಣ ದಾಟಿದ ಮೇಲೆ, "ಗಂಧಕನನ್ನು ಕೊಂದುಬಿಡು ಅಂತ ನಾನು ಎಷ್ಟು ಸಲ ಹೇಳಿದೆ? ಪ್ರತಿಸಲವೂ ತಪ್ಪಿಸಿದೆ. ಒಂದು ತಿಂಗಳು ಗಡ್ಡ, ಒಂದು ತಿಂಗಳು ಬೋಳುತಲೆ, ಒಂದು ತಿಂಗಳು ಎಲುಬಿನ ಹಂದರ. ಎಷ್ಟು ವೇಷ! ಒಂದು ಕನ್ನಡಕ ಹಾಕು ಅಂದರೆ ಮಾತ್ರ ಆಗಲಿಲ್ಲ. ಕನ್ನಡಕವಿಲ್ಲದ ವಿಜ್ಞಾನಿಯನ್ನು ಯಾರಾದರೂ ನೋಡಿದ್ದಾರಾ?"

"ಅವರ ಹತ್ತಿರ ಇಲ್ಲ ಸಾರ್," ಎಂದು ಅವಳು ಮತ್ತೆ ಕಿಟಕಿಯತ್ತ ತಿರುಗಿದಳು.

ದುವ್ವಾಡದಲ್ಲಿ ಬಿಳಿ ಸಮವಸ್ತ್ರದ ಪುಂಡಲೀಕ ಕಾದಿದ್ದ. ಇಂದುಧರ ಇಳಿದವನೇ ಕೈಮುಗಿದ. ಆತ ಅವನನ್ನು ಸರಿಯಾಗಿ ನೋಡಲೂ ಇಲ್ಲ, ನೋಡಿದ್ದು ಸುಮಿತ್ರಾಳನ್ನು.

"ಬರದವರು ನೀವೇನ್ರಿ?"

ಅವಳು ತಲೆಯಾಡಿಸಿದಳು.

"ಲಗೂ ನಡೀರಿ. ಹೊರಗಿಂದ ಚಿಲಕ ಹಾಕಿ ಬಂದೀನಿ. ಇಲ್ಲಾಂದ್ರ ಎದ್ದು ಹೊರಟಬಿಡ್ತಾರ."

"ಅಷ್ಟು ಸಿಟ್ಟೇ?" ಎಂದ ಇಂದುಧರ. ಪುಂಡಲೀಕ ಅವನನ್ನು ವಿಚಿತ್ರವಾಗಿ ನೋಡಿ ಮುಂದೆ ನಡೆದ.

ಪುಂಡಲೀಕನ ಮನೆ ನಿಲ್ದಾಣದ ಹಿಂದೆಯೇ ಇತ್ತು. ಚಿಲಕ ತೆಗೆದಾಗ ಮಂಚದ ಮೇಲೆ ಡಾಕ್ಟರ್ ಗಂಧಕನೇ ಕೂತಿದ್ದ! ಗಡ್ಡದ ಗಂಧಕ, ಎಲುಬಿನ ಹಂದರದ ಗಂಧಕ. ಎಡಗಿವಿಯಲ್ಲಿ ಸೀಳು, ಹುಬ್ಬಿನ ಮೇಲೆ ಕಲೆ. ಹಿಂದಿನ ಗೋಡೆಯ ತುಂಬ ಇದ್ದಿಲಿನಲ್ಲಿ ಗೀಚಿದ ಸೂತ್ರಗಳು. ಬಾಗಿಲಿನ ಬೆಳಕಿಗೆ ಅವನು ಕಣ್ಣು ಕಿರಿದು ಮಾಡಿ, ಯಾರು ಬಂದರೆಂದು ತಿಳಿಯದೆ ತಡವರಿಸಿದ.

ಇಂದುಧರ ಕಲಿತು ಬಂದದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ. "ಸಾರ್, ತಪ್ಪಾಯಿತು. ಹುಡುಗಿಗೆ ಬುದ್ಧಿಯಿಲ್ಲ. ಮುಂದಿನ ಸಂಚಿಕೆಯಲ್ಲೇ ತಮ್ಮನ್ನು ಸಾಯಿಸಿಬಿಡುತ್ತೇವೆ!"

ಯಾರೂ ಅವನ ಮಾತು ಕೇಳಿಸಿಕೊಳ್ಳಲಿಲ್ಲ. "ಸ್ಟೇಷನ್ನಿನಾಗ ಅಲೀತಿದ್ರು, ಹೆಸರು ಸೈತ ಹೇಳವಲ್ಲರು," ಎಂದ ಪುಂಡಲೀಕ ಸುಮಿತ್ರಾಳಿಗೆ. ಸುಮಿತ್ರಾಳ ಕೈ ಚೀಲದೊಳಗೆ ಹೋಯಿತು. ಇಂದುಧರ ಹೌಹಾರಿ ಅವಳ ತೋಳಿಗೆ ಕೈಹಾಕಿದ. ಅವಳು ಕೊಸರಿಕೊಂಡು ಮಂಚದ ಮುಂದೆ ಮಂಡಿಯೂರಿದಳು. ಚೀಲದಿಂದ ಹೊರಬಂದದ್ದು ದಪ್ಪ ಗಾಜಿನ ಒಂದು ಹಳೆಯ ಕನ್ನಡಕ. ಅದನ್ನು ಸೆರಗಿನಿಂದ ಒರೆಸಿ, ಮುದುಕನ ಮೂಗಿನ ಮೇಲೆ ಕೂರಿಸಿದಳು.

"ಮನೇಲೇ ಬಿಟ್ಟು ಬಂದುಬಿಟ್ಟಿದ್ರಲ್ಲ, ಅಪ್ಪಾ."