ಸೀಗಡಿ ಬಿಡಿಸಿದ ಬೆರಳು

ಶಹಾಪುರದ ಸಂತೆಯಲ್ಲಿ ಸೀಗಡಿ ವಾಸನೆ ಬಂದರೆ, ಎಲ್ಲರನ್ನೂ ಅಣಕಿಸುವ ನನ್ನ ಬಾಯಿ ಇಂದಿಗೂ ತಾನಾಗಿ ಮುಚ್ಚಿಕೊಳ್ಳುತ್ತದೆ.

ನನ್ನ ಎಳವೆಯ ಆ ಮಧ್ಯಾಹ್ನ ಅಪ್ಪ ಹೊಳೆಯಿಂದ ತಂದ ಸೀಗಡಿಯ ಸಿಪ್ಪೆ ಬಿಡಿಸುತ್ತಿದ್ದ ಅತ್ತೆಯ ಬೆರಳುಗಳು ಕೆಂಪಾಗಿ, ಉಂಗುರ ಮುಚ್ಚುವಷ್ಟು ಬಾತವು. ಅವಳು ಕೆರೆದುಕೊಂಡಂತೆ ನಾನೂ ಮಂಗನ ಹಾಗೆ ಕೆರೆದುಕೊಂಡೆ. ಅತ್ತೆ ನಕ್ಕು, ಅಜ್ಜಿಯತ್ತ ತಿರುಗಿದಳು.

“ಹೋದ ಸಲಾನೂ ಹಿಂಗ ಆಗಿತ್ತು, ಯವ್ವಾ.”

“ಕೆಲಸ ತಪ್ಪಿಸ್ಲಾಕ ನೆವ ಹೇಳಬ್ಯಾಡ. ಮುಳ್ಳು ಚುಚ್ಚಿರ್ತದ,” ಎಂದು ಅಜ್ಜಿ ಅರಿಶಿನ ಮೆತ್ತಿದಳು. “ಉಂಡು ಮಕ್ಕೊ, ಇಳೀತದ.”

ಸೀಗಡಿ ಸಾರಿನಲ್ಲಿ ನಾಲ್ಕು ತುತ್ತು ಉಣ್ಣುವಷ್ಟರಲ್ಲಿ ಅತ್ತೆಯ ತುಟಿಯೂ ದಪ್ಪಗಾಯಿತು. “ನೀರು” ಎಂದದ್ದು ಬಾಯಿಗೆ ಅರಳೆ ತುರುಕಿದಂತೆ ಕೇಳಿಸಿತು. ನಾನು ಆ ದನಿಯನ್ನೂ ಹಾಗೇ ಅಣಕಿಸಿದೆ. ಅಜ್ಜಿ ನಗಲಿಲ್ಲ. ಅಪ್ಪ ಬರಿಗಾಲಲ್ಲೇ ಆಟೋ ತರಲು ಓಡಿದ. ಅತ್ತೆ ಮಾತ್ರ ನನಗಾಗಿ ನಗಲು ನೋಡಿದಳು, ತುಟಿ ಏಳಲಿಲ್ಲ.