ಬೇವಿನ ಮರದಡಿಯ ಕುರ್ಚಿ

ಮಾರ್ಚ್ ಮೂರರಂದು ಚೆನ್ನಬಸಪ್ಪನವರು ತಮ್ಮ ಐದು ಬೇಕರಿಗಳಿಗೆ ಐದು ಕ್ಯಾಮೆರಾ ಕೊಂಡರು.

"ಐದೂ ಅಂಗಡಿ ಮೊಬೈಲ್‌ನಾಗೆ ಕಾಣೋ ಹಂಗೆ ಮಾಡ್ಲಾ ಯಜಮಾನ್ರೇ?" ಎಂದ ಮಾರುವವನು.

"ಬ್ಯಾಡ. ಕಾರ್ಡು ಒಳಗೇ ಇರೋದು ಕೊಡು. ನಾನೊಬ್ನೇ ತೆಗ್ದು ನೋಡ್ತೀನಿ."

ಅನುಮಾನ ಬರದಿರಲೆಂದು ಐದು ಕೊಂಡರೂ, ನೋಡಬೇಕಾಗಿದ್ದುದು ಒಂದೇ ಅಂಗಡಿ. ಅಲ್ಲಿ ತಮ್ಮ ಕೊಟ್ರೇಶ ಕೂರುತ್ತಿದ್ದ. ಅದೇ ಬ್ರೆಡ್ಡು, ಅದೇ ಬೆಲೆ. ಆದರೂ ಊರೆಲ್ಲ ಅವನ ಬಳಿಗೇ ಹೋಗುತ್ತಿತ್ತು, ಅವನನ್ನೇ ಹೊಗಳುತ್ತಿತ್ತು. ಹೊಟ್ಟೆಯುರಿ ತಾಳಲಾರದೆ ಅಣ್ಣ ಒಂದು ತಿಂಗಳಿನಿಂದ ಪ್ರತಿ ಮಧ್ಯಾಹ್ನ ಎದುರಿನ ಬೇವಿನ ಮರದ ಮರೆಯಲ್ಲಿ ಗುಟ್ಟಾಗಿ ಕುಳಿತು ಕಾಯುತ್ತಿದ್ದರು. ಅಲ್ಲಿ ಯಾರದೋ ಒಂದು ಕುರ್ಚಿ ಇರುತ್ತಿತ್ತು.

"ಗಿರಾಕಿಗಳಿಗೆ ಅದೇನು ಮೋಡಿ ಹಾಕ್ತಾನೋ, ಇವತ್ತು ಸಿಕ್ಕಿಬೀಳ್ತಾನೆ," ಎಂದು ಹೆಂಡತಿಗೆ ಹೇಳಿ, ಎಂಟನೆಯ ದಿನ ಆ ಅಂಗಡಿಯ ಕಾರ್ಡನ್ನು ಹಾಕಿ ನೋಡಿದರು.

ತೆರೆಯ ಮೇಲೆ ಮಧ್ಯಾಹ್ನದ ನೂಕುನುಗ್ಗಲು. ಕೊಟ್ರೇಶ ಗಿರಾಕಿಗಳನ್ನು ನಿಲ್ಲಿಸಿ, ಒಳಗಿನಿಂದ ಕುರ್ಚಿಯೊಂದನ್ನು ತಂದು, ಹೆಗಲ ಮೇಲಿನ ಟವೆಲಿನಿಂದ ಒರೆಸಿ, ರಸ್ತೆ ದಾಟಿ ಮರದ ನೆರಳಿನಲ್ಲಿಟ್ಟು ಬಂದ.

"ಯಾರಿಗ್ರೀ ಅದು?" ಎಂದು ಗಿರಾಕಿಯೊಬ್ಬರು ಕೇಳಿದರು.

"ನಮ್ಮಣ್ಣ ಬರೋ ಹೊತ್ತಾತು. ನಾನಿಟ್ಟಿದ್ದು ಅಂತ ಹೇಳಬ್ಯಾಡ್ರಿ, ಕೂರಂಗಿಲ್ಲ ಅವ್ರು."